ಗಾಜನೂರಿನ ಎರಡು ಮನೆಗಳು

ಚಾಮರಾಜನಗರದಿಂದ ತಾಳವಾಡಿಗೆ ಹೋಗುವ ದಾರಿಯಲ್ಲಿ ರಾಜ್ಯ ಬದಲಾಗುತ್ತದೆ; ಮಾತು ಬದಲಾಗುವುದಿಲ್ಲ. ಹೊಲದಲ್ಲೂ ಸಂತೆಯಲ್ಲೂ ಕೇಳಿಬರುವುದು ಕನ್ನಡವೇ. ಆದರೆ ಸರಕಾರಿ ಕಾಗದ ಬರುವುದು ತಮಿಳಿನಲ್ಲಿ. ಜಿಲ್ಲಾ ಕೇಂದ್ರವಾದ ಈರೋಡಿಗೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯಬೇಕು. ಕಾಸರಗೋಡಿನವರಾದ ನಮಗೆ ಇಂಥ ಪಾಡನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹಿಂದೆ ತಾಳವಾಡಿಯೂ ಕೊಳ್ಳೇಗಾಲವೂ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಯಲ್ಲಿದ್ದವು. ನಮ್ಮ ಕಾಸರಗೋಡು ಅದೇ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರಿಗೆ ಸೇರಿತು, ತಾಳವಾಡಿ ಮದರಾಸಿನಲ್ಲೇ ಉಳಿಯಿತು, ಕಾಸರಗೋಡು ಕೇರಳದ ಪಾಲಾಯಿತು. ತಾಳವಾಡಿ ಪ್ರತ್ಯೇಕ ತಾಲೂಕಾದದ್ದು 2016ರಲ್ಲಿ.

ಈ ಸೀಮೆಯ ಗಾಜನೂರಿನಲ್ಲಿ 1929ರ ಏಪ್ರಿಲ್ 24ರಂದು ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಮತ್ತು ಲಕ್ಷ್ಮಮ್ಮನವರಿಗೆ ಹುಟ್ಟಿದ ಮಗು ಮುತ್ತುರಾಜ. ತಂದೆ ಗುಬ್ಬಿ ವೀರಣ್ಣನವರ ನಾಟಕ ಕಂಪೆನಿಯ ನಟರು. ಮಗ 1954ರಲ್ಲಿ ‘ಬೇಡರ ಕಣ್ಣಪ್ಪ’ ಚಿತ್ರದಿಂದ ನಾಡಿಗೆಲ್ಲ ರಾಜಕುಮಾರರಾದರು. 1982ರ ಗೋಕಾಕ್ ಚಳವಳಿಯಲ್ಲಿ ಕನ್ನಡಕ್ಕಾಗಿ ಊರೂರು ತಿರುಗಿದ ಈ ಮಹನೀಯರ ಹುಟ್ಟೂರು ಕರ್ನಾಟಕದ ಭೂಪಟದ ಹೊರಗಿತ್ತು ಎಂಬುದನ್ನು ನಾವು ಮರೆಯುವಂತಿಲ್ಲ.

ಅವರ ಹೆಸರಿನೊಡನೆ ಗಾಜನೂರಿನಲ್ಲಿ ಎರಡು ಮನೆಗಳು ಸೇರಿಕೊಂಡಿವೆ. ಒಂದು ಊರೊಳಗಿನ ಹಳೆಯ ಹೆಂಚಿನ ಮನೆ. ಇನ್ನೊಂದು ದೊಡ್ಡವರಾದ ಮೇಲೆ ಬಿಡುವು ಸಿಕ್ಕಾಗ ಬಂದು ತಂಗುತ್ತಿದ್ದ ತೋಟದ ಮನೆ.

ಹಳೆಯ ಮನೆ ಈ ಸೀಮೆಯ ಒಕ್ಕಲುಮನೆಗಳ ರೀತಿಯದು. ಇಂಥ ಮನೆಗಳಿಗೆ ನಕ್ಷೆಯಿಲ್ಲ, ಇಂಜಿನಿಯರನಿಲ್ಲ. ಮಣ್ಣನ್ನು ನೀರು ಹಾಕಿ ತುಳಿದು, ಒಂದು ವರಸೆ ಗೋಡೆ ಏರಿಸಿ, ಅದು ಒಣಗಿದ ಮೇಲೆ ಇನ್ನೊಂದು ವರಸೆ ಏರಿಸುತ್ತಿದ್ದರು. ಮೇಲೆ ಮರದ ತೊಲೆ, ಅದರ ಮೇಲೆ ಕುಂಬಾರನ ನಾಡಹೆಂಚು. ನಮ್ಮ ಕರಾವಳಿಯಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಚಪ್ಪಟೆ ಹೆಂಚು ಹರಡಿತು. ಅದಕ್ಕಿಂತ ಹಳೆಯದು ಈ ನಾಡಹೆಂಚು. ದಪ್ಪ ಮಣ್ಣಿನ ಗೋಡೆ ಹಗಲಿನ ಬಿಸಿಯನ್ನು ಬೇಗ ಒಳಗೆ ಬಿಡುವುದಿಲ್ಲ. ಹೆಂಚಿನ ಸಂದುಗಳಿಂದ ಬಿಸಿಗಾಳಿ ಹೊರಟುಹೋಗುತ್ತದೆ. ದೊರೆಗಳೂ ಪ್ಲಾಂಟರುಗಳೂ ಬೇಸಿಗೆ ಕಳೆಯಲು ಬೆಟ್ಟದ ಮೇಲೆ ಬಂಗಲೆ ಕಟ್ಟಿಸಿದರು. ಬಡವನಿಗೆ ಅವನ ಮಣ್ಣಿನ ಮನೆಯೇ ಬೇಸಿಗೆಯ ಬಂಗಲೆ.

ತೋಟದ ಮನೆಯ ಕಥೆ ಬೇರೆ. 2000ದ ಜುಲೈ 30ರ ಅಮಾವಾಸ್ಯೆಯ ರಾತ್ರಿ ವೀರಪ್ಪನ್ ತನ್ನ ತಂಡದೊಡನೆ ಅಲ್ಲಿಗೆ ನುಗ್ಗಿ ರಾಜಕುಮಾರರನ್ನೂ ಜೊತೆಗಿದ್ದ ಮೂವರನ್ನೂ ಕಾಡಿಗೆ ಒಯ್ದ. ಮರುದಿನ ಬೆಂಗಳೂರು ಬಾಗಿಲು ಹಾಕಿತು. ಬಿಡುಗಡೆಯಾದದ್ದು 108 ದಿನಗಳ ಬಳಿಕ, ನವೆಂಬರ್ 15ರಂದು. ವಿಶ್ರಾಂತಿಗೆಂದು ಬಂದ ಮನೆಯೇ ಅಪಾಯದ ಮನೆಯಾದದ್ದು ವಿಧಿಯಾಟವೆನ್ನಬೇಕು. ರಾಜಕುಮಾರರು 2006ರ ಏಪ್ರಿಲ್ 12ರಂದು ತೀರಿಕೊಂಡರು.

ಹೊರನಾಡಿನವರಿಗೆ ಗಾಜನೂರೆಂದರೆ ಆ ಒಂದು ರಾತ್ರಿಯ ನೆನಪು. ನಮಗೆ ಮುಖ್ಯವೆನಿಸುವುದು ಊರೊಳಗಿನ ಮನೆ. ಅದು ಕಾಲಕ್ರಮದಲ್ಲಿ ಶಿಥಿಲವಾಯಿತು. ಮಣ್ಣಿನ ಮನೆ ಒಮ್ಮೆಗೇ ಬೀಳುವುದಿಲ್ಲ. ಒಂದು ಹೆಂಚು ಜರುಗುತ್ತದೆ. ಆ ಸಂದಿನಿಂದ ಇಳಿದ ನೀರು ಗೋಡೆಯ ನೆತ್ತಿಯನ್ನು ಕರಗಿಸುತ್ತದೆ. ತೇವ ಹಿಡಿದ ತೊಲೆಗೆ ಗೆದ್ದಲು ಹತ್ತುತ್ತದೆ. ಒಲೆಯ ಹೊಗೆ ಆಡುತ್ತಿದ್ದರೆ ಮರಕ್ಕೆ ಹುಳ ಬೀಳುವುದು ಕಡಿಮೆ; ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸಿದರೆ ಗೋಡೆ ಉಳಿಯುತ್ತದೆ. ಅಭಿಮಾನದಿಂದ ಸಿಮೆಂಟು ಬಳಿದರೂ ಕೇಡೇ. ತೇವ ಒಳಗೇ ಉಳಿದು ಗೋಡೆ ಉಬ್ಬಿ ಉದುರುತ್ತದೆ. ಮಣ್ಣಿಗೆ ಮಣ್ಣೇ ಮದ್ದು.

ಭಾಷೆಯ ಮನೆಯೂ ಹೀಗೆಯೇ ಅಲ್ಲವೇ? ತಮಿಳುನಾಡು 2006ರಲ್ಲಿ ಶಾಲೆಗಳಲ್ಲಿ ತಮಿಳನ್ನು ಹಂತಹಂತವಾಗಿ ಕಡ್ಡಾಯಗೊಳಿಸುವ ಕಾಯಿದೆ ತಂದಿತು. ಕೇರಳದಲ್ಲಿ ಮಲಯಾಳ ಕಲಿಕೆಯ ಕಾಯಿದೆ 2017ರಲ್ಲಿ ಬಂತು. ನೆರೆಯ ಭಾಷೆಯನ್ನು ಕಲಿಯಲು ನಮ್ಮ ತಕರಾರಿಲ್ಲ. ನಮ್ಮ ಹೆಂಚನ್ನು ನಾವೇ ಕೈಯಾಡಿಸದೆ ಸೂರು ಸೋರಿತೆಂದು ಗೋಳಾಡಿದರೆ ಫಲವಿಲ್ಲ ಎಂಬುದಷ್ಟೇ ನಮ್ಮ ಮಾತು.

ಗಾಜನೂರಿಗೆ ಹೋಗುವ ನಮ್ಮ ಓದುಗರು ಮನೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲಿ, ಸಂತೋಷ. ಹಾಗೆಯೇ ತಾಳವಾಡಿ ಸೀಮೆಯ ಕನ್ನಡ ಶಾಲೆಯೊಂದಕ್ಕೂ ಕಾಲಿಡಲಿ. ಮಕ್ಕಳೊಡನೆ ನಾಲ್ಕು ಮಾತಾಡಿ, ನಾಲ್ಕು ಪುಸ್ತಕ ಕೊಟ್ಟು ಬರಲಿ. ಅಲ್ಲಿಯ ಮಕ್ಕಳಿಗೂ ಇಲ್ಲಿಯ ನಮ್ಮ ಮಕ್ಕಳಿಗೂ ಇರುವ ಕಷ್ಟ ಒಂದೇ. ಪರಸ್ಪರ ಗುರುತಾದರೆ ಅದು ಸ್ವಲ್ಪ ಹಗುರಾದೀತು.