ಕಾಲಿನಿಂದ ಸೊಂಟಕ್ಕೆ

ಕುರ್ಚಿ ಖಾಲಿಯಿದ್ದರೂ ಕೂರುವುದಿಲ್ಲ. ಐವತ್ತರ ಆಸುಪಾಸಿನ ಅಡಿಕೆ ತೋಟಗಾರರು. ಮೈ ಎಡಕ್ಕೆ ವಾಲಿದೆ, ಬಲಮಂಡಿ ಅರೆಮಡಚಿದೆ. ಕೆಮ್ಮು ಬಂದರೆ ಮೊದಲು ಗೋಡೆ ಹಿಡಿಯುತ್ತಾರೆ, ಆಮೇಲೆ ಕೆಮ್ಮುತ್ತಾರೆ.

“ನೋವು ಎಲ್ಲೀವರೆಗೆ ಇಳಿಯುತ್ತೆ ಸರ್?” ಫಿಸಿಯೋಥೆರಪಿಸ್ಟ್ ಕೇಳುತ್ತಾರೆ. ಎಷ್ಟು ಎಂಬುದು ಆಮೇಲಿನ ಪ್ರಶ್ನೆ. ಪಿರ್ರೆ, ತೊಡೆಯ ಹಿಂಬದಿ, ಮೊಣಕಾಲ ಕೆಳಗಿನ ಹೊರಮೈ, ಪಾದದ ಮೇಲ್ಭಾಗ, ಹೆಬ್ಬೆರಳು ಎಂದು ತೋಟಗಾರರು ಗೆರೆ ಎಳೆದು ತೋರಿಸುತ್ತಾರೆ. ಬೆನ್ನುಮೂಳೆಗಳ ನಡುವಿನ ಡಿಸ್ಕ್ ಉಬ್ಬಿ ಒತ್ತಿದ, ಸೊಂಟದ ಐದನೇ ನರಬೇರಿನ ದಾರಿ ಇದು. ಕಿರುಬೆರಳಿನತ್ತ ಹೋಗಿದ್ದರೆ ಅದರ ಕೆಳಗಿನ ಬೇರು. ಅಂಗಾತ ಮಲಗಿಸಿ ಮಂಡಿ ಮಡಚದೆ ಕಾಲೆತ್ತಿದರೆ 40 ಡಿಗ್ರಿಗೇ ಮುಖ ಕಿವುಚುತ್ತಾರೆ. ಮೇಲೆತ್ತಿ ಹಿಡಿದ ಹೆಬ್ಬೆರಳು ತುಸು ಒತ್ತಿದರೆ ಸೋಲುತ್ತದೆ.

ಈಗ ಬೋರಲು. ಮೊದಲು ಸುಮ್ಮನೆ, ಆಮೇಲೆ ಮೊಣಕೈ ಊರಿ, ಆಮೇಲೆ ಅಂಗೈ ಊರಿ ಎದೆ ಎತ್ತುವುದು. ನೋಡಲು ಭುಜಂಗಾಸನ, ಆದರೆ ಸೊಂಟ ಪೂರ್ತಿ ಸಡಿಲ, ದುಡಿಮೆಯೆಲ್ಲ ತೋಳಿನದು. ಈ ವ್ಯಾಯಾಮದ ಕಥೆ ಹೀಗೆ: 1956ರಲ್ಲಿ ನ್ಯೂಜಿಲೆಂಡಿನ ವೆಲಿಂಗ್ಟನ್ನಿನಲ್ಲಿ ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಜಿಯವರ ರೋಗಿಯೊಬ್ಬರು, ತಲೆಯ ಕಡೆ ಎತ್ತರಿಸಿದ್ದ ಮಂಚದ ಮೇಲೆ ಅಕಸ್ಮಾತ್ ಬೋರಲು ಮಲಗಿದರಂತೆ. ಎದ್ದಾಗ ಕಾಲುನೋವು ಇರಲಿಲ್ಲ. ಮೆಕೆಂಜಿ ಅದನ್ನು ಅದೃಷ್ಟ ಎಂದು ಬಿಡದೆ ಬೇರೆಯವರಲ್ಲೂ ಗಮನಿಸುತ್ತ ಹೋದರು.

ಹತ್ತು ಸಲ ಎತ್ತಿದ ಮೇಲೆ ತೋಟಗಾರರು ಗೊಣಗುತ್ತಾರೆ: “ಸೊಂಟದಲ್ಲಿ ಜಾಸ್ತಿ ಆಯ್ತು ಮೇಡಂ.” “ಪಾದದಲ್ಲಿ?” ಸ್ವಲ್ಪ ಯೋಚಿಸುತ್ತಾರೆ. “ಅಲ್ಲಿಲ್ಲ.” ಮೇಡಂ ಮುಖ ಅರಳುತ್ತದೆ, ರೋಗಿಗೆ ಯಾಕೆಂದು ತಿಳಿಯದು. ನೋವು ತುದಿಯಿಂದ ಬುಡಕ್ಕೆ ಸರಿದರೆ ಶುಭಸೂಚನೆ, ಬುಡದಲ್ಲಿ ಹೆಚ್ಚಾದರೂ. ಉಲ್ಟಾ ಆದರೆ ಆ ವ್ಯಾಯಾಮ ಅಲ್ಲಿಗೇ ನಿಲ್ಲಬೇಕು. ಎಲ್ಲರಿಗೂ ಇದೇ ಹೊಂದದು: ನರದ ದಾರಿಯೇ ಕಿರಿದಾದ ವಯಸ್ಸಾದವರಲ್ಲಿ ಹಲವರಿಗೆ ಹಿಂದೆ ಬಾಗಿದರೆ ನೋವು, ಮುಂದೆ ಬಾಗಿದರೆ ಆರಾಮ.

ಮೂಲೆಯಲ್ಲಿ ಟ್ರ್ಯಾಕ್ಷನ್ ಯಂತ್ರವಿದೆ. ಬೆಲ್ಟು, ಮೋಟಾರು, ಗಂಭೀರ ಸದ್ದು. ಬಂದವರೆಲ್ಲ ಅದನ್ನೇ ಕೇಳುತ್ತಾರೆ. ಸಂಶೋಧನೆಗಳಲ್ಲಿ ಅದಕ್ಕೆ ಸಿಕ್ಕಿರುವ ಆಧಾರ ತೀರ ಕಡಿಮೆ. ಹಾಸಿಗೆ ಹಿಡಿದು ಮಲಗುವುದಕ್ಕೂ ಅಷ್ಟೆ: 1999ರ ಒಂದು ಡಚ್ ಅಧ್ಯಯನದಲ್ಲಿ ಎರಡು ವಾರ ಮಲಗಿದವರು ಓಡಾಡಿಕೊಂಡಿದ್ದವರಿಗಿಂತ ಬೇಗ ಗುಣವಾಗಲಿಲ್ಲ.

ಬೆಳಗಿನ ಹೊತ್ತು ಬೇರೆಯೇ ಋತು. ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿ ಉಬ್ಬುತ್ತದೆ; ಎದ್ದಾಗ ನಮ್ಮ ಎತ್ತರವೇ ಒಂದು ಸೆಂಟಿಮೀಟರಿಗೂ ಮಿಕ್ಕಿ ಹೆಚ್ಚಿರುತ್ತದೆ. ಆ ಮೊದಲ ಗಂಟೆಗಳಲ್ಲಿ ಬಗ್ಗಿ ಕೊಡಪಾನ ಎತ್ತಬಾರದು. ಇನ್ನೂ ಸೋಜಿಗವೆಂದರೆ, ಡಿಸ್ಕಿನಿಂದ ಪೂರ್ತಿ ಹೊರಬಿದ್ದ ದೊಡ್ಡ ಚೂರು ಬರೀ ಉಬ್ಬಿಗಿಂತ ಹೆಚ್ಚಾಗಿ ತಾನಾಗಿ ಕರಗುತ್ತದೆ. ರಕ್ತದ ಸಂಪರ್ಕಕ್ಕೆ ಬಂದೊಡನೆ ದೇಹದ ಕಸಗುಡಿಸುವ ಕಣಗಳು ಅದನ್ನು ತಿನ್ನತೊಡಗುತ್ತವೆ. ವ್ಯಾಯಾಮ ಆ ಚೂರನ್ನು ಒಳಗೆ ತಳ್ಳುತ್ತದೆ ಎಂದು ನಾನು ಬರೆಯಲಾರೆ. ಆ ಕರಗುವ ಕೆಲಸ ನಡೆಯುವ ವಾರಗಳಲ್ಲಿ ಮನುಷ್ಯನನ್ನು ನಡೆದಾಡಿಸುತ್ತದೆ, ಅದು ಸಣ್ಣದಲ್ಲ.

ಮೂತ್ರ ಕಟ್ಟಿದರೆ, ಕೂರುವ ಜಾಗ ಜೋಮು ಹಿಡಿದರೆ ಅಂದೇ ಆಸ್ಪತ್ರೆಗೆ ಓಡಬೇಕು. ಪಾದ ಎತ್ತಲಾಗದೆ ನೆಲಕ್ಕೆ ಬಡಿಯತೊಡಗಿದರೂ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಕೆಲವು ವಾರಗಳಾದ ಮೇಲೆ ತೋಟಗಾರರು ಕೂತೇ ಮಾತಾಡುತ್ತಾರೆ. ನೋವು ಪಿರ್ರೆಯ ಮೇಲೆ ನಿಂತಿದೆ, ಹೆಬ್ಬೆರಳಿಗೆ ಇನ್ನೂ ಪೂರ್ತಿ ಬಲ ಬಂದಿಲ್ಲ.

“ಕೊನೆಕೊಯ್ಲಿಗೆ ಹೊರೆ ಹೊರಬಹುದಾ?”

“ಮೊದಲು ತೋಟಕ್ಕೆ ನಡೆದು ಹೋಗಿಬನ್ನಿ ಸರ್. ಬಂದಮೇಲೆ ನೋವು ಎಲ್ಲಿದೆ, ಹೇಳಿ.”