ಲೀಟರು, ಗ್ಯಾಲನ್ನು ಮತ್ತು ಮಲಪ್ರಭೆಯ ನೀರು

ರಾಮದುರ್ಗದ ಪೇಟೆಯಲ್ಲಿ ಹಾಲು, ಎಣ್ಣೆಗಳನ್ನು ಲೀಟರಿನಿಂದ ಅಳೆಯುತ್ತಾರೆ. ಊರ ಬದಿಯಲ್ಲಿ ಹರಿಯುವ ಮಲಪ್ರಭೆಯ ನೀರನ್ನಾದರೋ ಘನ ಅಡಿಗಳಲ್ಲಿ ಲೆಕ್ಕ ಹಾಕುತ್ತಾರೆ. ಅಮೆರಿಕದ ಗ್ರಂಥಗಳಲ್ಲಿಯೂ ಯಂತ್ರಗಳ ಮೇಲೆಯೂ ಗ್ಯಾಲನ್ನೆಂಬ ಮೂರನೆಯ ಮಾನವು ಕಂಡುಬರುತ್ತದೆ. ಇವುಗಳಲ್ಲಿ ಒಂದನ್ನು ಇನ್ನೊಂದಕ್ಕೆ ಪರಿವರ್ತಿಸುವುದು ಕಠಿಣವಲ್ಲ. ಆದರೆ ಹೇಳಿದ ಮಾನವು ಯಾವುದೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು.

ಏಕೆಂದರೆ ಗ್ಯಾಲನ್ನಿನಲ್ಲಿಯೇ ಎರಡು ಬಗೆಗಳುಂಟು. ಇಂಗ್ಲೆಂಡಿನಲ್ಲಿ ದ್ರಾಕ್ಷಾರಸಕ್ಕೆ ಬಳಸುತ್ತಿದ್ದ 231 ಘನ ಅಂಗುಲದ ಹಳೆಯ ಗ್ಯಾಲನ್ನನ್ನು ಅಮೆರಿಕವು ಉಳಿಸಿಕೊಂಡಿತು. ಬ್ರಿಟನ್ನು 1824ರಲ್ಲಿ ಅದನ್ನು ಕೈಬಿಟ್ಟು, ಹತ್ತು ಪೌಂಡು ನೀರು ಹಿಡಿಯುವ ದೊಡ್ಡ ಗ್ಯಾಲನ್ನನ್ನು ಸ್ವೀಕರಿಸಿತು. ಭಾರತದಲ್ಲಿ ರೂಢಿಗೆ ಬಂದುದು ಈ ಎರಡನೆಯದು. 1956ರ ಕಾಯಿದೆಯ ತರುವಾಯ ದೇಶದಲ್ಲಿ ಹಂತಹಂತವಾಗಿ ಲೀಟರು ನೆಲೆಗೊಂಡಿತು.

ಅಮೆರಿಕದ ಗ್ಯಾಲನ್ನು 3.785 ಲೀಟರು, ಬ್ರಿಟನ್ನಿನದು 4.546 ಲೀಟರು. ಆದುದರಿಂದ ಲೀಟರುಗಳನ್ನು 3.785ರಿಂದ ಭಾಗಿಸಿದರೆ ಅಮೆರಿಕದ ಗ್ಯಾಲನ್ನುಗಳು ದೊರೆಯುತ್ತವೆ. ಆ ಗ್ಯಾಲನ್ನಿನಲ್ಲಿ 4 ಕ್ವಾರ್ಟು, 8 ಪಿಂಟು, 128 ದ್ರವ ಔನ್ಸುಗಳಿವೆ. ಒಂದು ಲೀಟರು ಸುಮಾರು 33.8 ಔನ್ಸು, ಅಂದರೆ ಒಂದು ಕ್ವಾರ್ಟಿಗಿಂತ ತುಸು ಹೆಚ್ಚು. ಮನೆಯ ಮಾಳಿಗೆಯ ಮೇಲಿನ 1,000 ಲೀಟರಿನ ತೊಟ್ಟಿಯು ಅಮೆರಿಕದ ಲೆಕ್ಕದಲ್ಲಿ 264 ಗ್ಯಾಲನ್ನು. ಬ್ರಿಟನ್ನಿನ ಲೆಕ್ಕದಲ್ಲಿ 220 ಮಾತ್ರ.

ಈ ಅಂತರವು ಅಲ್ಪವಲ್ಲ. ಬ್ರಿಟಿಷ್ ಗ್ಯಾಲನ್ನಿಗೆ ಹೇಳಿದ ಕೀಟನಾಶಕವನ್ನು ಅಮೆರಿಕದ ಗ್ಯಾಲನ್ನು ನೀರಿಗೆ ಬೆರೆಸಿದರೆ ದ್ರಾವಣವು ನೂರಕ್ಕೆ 20ರಷ್ಟು ತೀಕ್ಷ್ಣವಾಗುತ್ತದೆ. ಲೆಕ್ಕದಲ್ಲಿಯ ತಪ್ಪಿನ ಫಲವನ್ನು ಬೆಳೆಯು ಉಣ್ಣಬೇಕಾಗುತ್ತದೆ.

ನದಿಯ ವಿಷಯದಲ್ಲಿ ಈ ಎಚ್ಚರವು ಇನ್ನೂ ಅಗತ್ಯ. ಒಂದು ಘನ ಅಡಿ ನೀರು 28.317 ಲೀಟರು, ಅಥವಾ ಅಮೆರಿಕದ 7.48 ಗ್ಯಾಲನ್ನು. ಸೆಕೆಂಡಿಗೆ ಒಂದು ಘನ ಅಡಿಯಂತೆ ಹರಿದರೆ ಅದು ಒಂದು ಕ್ಯೂಸೆಕ್. ಶತಕೋಟಿ ಘನ ಅಡಿಗೆ ಒಂದು ಟಿ.ಎಂ.ಸಿ. ಎನ್ನುತ್ತಾರೆ, ಅದು ಸುಮಾರು 2,832 ಕೋಟಿ ಲೀಟರು. ರಾಮದುರ್ಗಕ್ಕೆ ಮೇಲ್ಭಾಗದಲ್ಲಿ, ಸವದತ್ತಿ ತಾಲೂಕಿನ ನವಿಲುತೀರ್ಥದಲ್ಲಿರುವ ಜಲಾಶಯದ ಸಾಮರ್ಥ್ಯವು 37.73 ಟಿ.ಎಂ.ಸಿ.

2019ರ ಆಗಸ್ಟಿನಲ್ಲಿ ಮಲಪ್ರಭೆಯ ಮಹಾಪೂರವು ರಾಮದುರ್ಗ ತಾಲೂಕನ್ನು ಬಾಧಿಸಿತು. ಅಂತಹ ದಿನಗಳಲ್ಲಿ ಜಲಾಶಯದಿಂದ ಬಿಟ್ಟ ನೀರಿನ ಪ್ರಮಾಣವನ್ನು ಕ್ಯೂಸೆಕ್‌ಗಳಲ್ಲಿಯೇ ಸಾರುತ್ತಾರೆ. 10,000 ಎಂಬ ಸಂಖ್ಯೆಯನ್ನು ಲೀಟರೆಂದು ಬಗೆದವನಿಗೆ ಅದು ಒಂದು ಟ್ಯಾಂಕರಿನ ನೀರಾಗಿ ತೋರೀತು. 10,000 ಕ್ಯೂಸೆಕ್ ಎಂದರೆ ಸೆಕೆಂಡಿಗೆ 2,83,170 ಲೀಟರು. ಅಂತಹ 28 ಟ್ಯಾಂಕರುಗಳ ನೀರು ಪ್ರತಿಯೊಂದು ಸೆಕೆಂಡಿನಲ್ಲಿಯೂ ಹರಿದುಬರುತ್ತಿರುತ್ತದೆ. ಇದನ್ನರಿತವನು ದಂಡೆಯ ಮೇಲೆ ನಿಂತು ನೋಡುವುದಿಲ್ಲ. ದನಕರುಗಳೊಡನೆ ಎತ್ತರದ ನೆಲೆಯನ್ನು ಸೇರುತ್ತಾನೆ.