ಹಳೆಯ ಕಾರಿನ ಮುಂಚಕ್ರದ ಬೇರಿಂಗ್: ಬಿಗಿ ಎಷ್ಟು, ಸಡಿಲ ಎಷ್ಟು?

ತಪ್ಪು ಕಲ್ಪನೆ: ಮುಂಚಕ್ರದ ನಟ್ಟನ್ನು ಎಷ್ಟು ಬಿಗಿ ಮಾಡಿದರೆ ಚಕ್ರ ಅಷ್ಟು ಭದ್ರ.

ವಾಸ್ತವ: ನಮಗೂ ಹಾಗೆಯೇ ಹೇಳಿಕೊಟ್ಟಿದ್ದರು, ನಾವೂ ನಂಬಿದ್ದೆವು. ಆದರೆ ಟೇಪರ್ ರೋಲರ್ ಬೇರಿಂಗ್‌ಗೆ ಇಲ್ಲಿ ಕೂದಲೆಳೆಯಷ್ಟು ಆಟ ಬೇಕು. ಓಡುವಾಗ ಬೇರಿಂಗ್ ತಾನೇ ಬಿಸಿಯಾಗುತ್ತದೆ, ಬ್ರೇಕಿನ ಕಾವೂ ಬೇರಿಂಗ್ ಕೂರುವ ಹಬ್ಬಿಗೆ ತಾಗುತ್ತದೆ. ತಣ್ಣಗಿದ್ದಾಗಲೇ ಬಿಗಿದಿದ್ದರೆ ರೋಲರ್‌ಗಳಿಗೆ ಹಿಗ್ಗಲು ಜಾಗವಿಲ್ಲ; ಗ್ರೀಸಿನ ಪದರ ಹರಿದು ಲೋಹಕ್ಕೆ ಲೋಹ ಉಜ್ಜುತ್ತದೆ. 1966ರ ಮಾದರಿಯಿಂದ ಟೇಪರ್ ಬೇರಿಂಗ್ ಪಡೆದ ಫೋಕ್ಸ್‌ವ್ಯಾಗನ್ ಬೀಟಲ್‌ಗೆ ಹೇಳಿರುವ ಆಟ 0.03ರಿಂದ 0.12 ಮಿ.ಮೀ. ಅಳೆಯಲು ಡಯಲ್ ಗೇಜ್ ಇಲ್ಲವೇ? ಚಕ್ರ ತಿರುಗಿಸುತ್ತಲೇ ನಟ್ಟು ಬಿಗಿದು ಬೇರಿಂಗನ್ನು ಕೂರಿಸಿ, ಆಮೇಲೆ ಸಡಿಲಿಸಿ. ನಟ್ಟಿನ ಹಿಂದಿನ ವಾಷರನ್ನು ಸ್ಕ್ರೂಡ್ರೈವರ್ ತುದಿಯಿಂದ ದೂಡಿದರೆ ಸರಿಯಬೇಕು, ಮೀಟಬೇಕಾಗಿ ಬರಬಾರದು. ಸಡಿಲ ಬೇರಿಂಗ್ ಅಲುಗಾಡಿ ಎಚ್ಚರಿಸುತ್ತದೆ. ಅತಿ ಬಿಗಿಯಾದದ್ದು ಸುಡುವವರೆಗೂ ಸುಮ್ಮನಿರಬಹುದು.

ತಪ್ಪು ಕಲ್ಪನೆ: ನಟ್ಟು ಬಿಚ್ಚುವ ದಿಕ್ಕು ಎರಡೂ ಕಡೆ ಒಂದೇ.

ವಾಸ್ತವ: ಬೀಟಲ್‌ನ ಎಡ ಮುಂಚಕ್ರದ ನಟ್ಟು ತಿರುವುಮುರುವು. ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಅದು ಬಿಚ್ಚುತ್ತದೆ.

ತಪ್ಪು ಕಲ್ಪನೆ: ಬಿಗಿದು, ಒಂಚೂರು ಸಡಿಲಿಸಿ, ನಟ್ಟು ತಿರುಗದಂತೆ ಪಿನ್ ಹಾಕುವ ವಿಧಾನ ಎಲ್ಲ ಹಳೆಯ ಕಾರಿಗೂ ಸಲ್ಲುತ್ತದೆ.

ವಾಸ್ತವ: ಬ್ರಿಟನ್ನಿನ ಎಂಜಿಬಿ ಕಾರು (1962–80) ಇದಕ್ಕೆ ನೇರ ಉತ್ತರ. ಅದರ ಹಬ್ಬಿನೊಳಗೆ ಎರಡು ಬೇರಿಂಗ್‌ಗಳ ನಡುವೆ ಉಕ್ಕಿನ ಸ್ಪೇಸರ್ ಇದೆ, ಜೊತೆಗೆ ತೆಳುವಾದ ಶಿಮ್‌ಗಳು. ಆಟವನ್ನು ನಿರ್ಧರಿಸುವುದು ನಟ್ಟಲ್ಲ, ಶಿಮ್. ನಟ್ಟನ್ನು 40ರಿಂದ 70 ಪೌಂಡ್-ಅಡಿ ತಿರುಚುಬಲದಲ್ಲಿ ಬಿಗಿಯಲೇಬೇಕು; ಬಿಗಿದ ಮೇಲೂ 0.002ರಿಂದ 0.004 ಇಂಚು ಆಟ ಉಳಿಯಬೇಕು. ಶಿಮ್ ಕೂಡಿಸುವ ತಾಳ್ಮೆಯಿಲ್ಲದೆ ಸ್ಪೇಸರನ್ನೇ ಕಿತ್ತುಹಾಕುವವರಿದ್ದಾರೆ. ಅದು ದಂಡದ ತುಂಡಲ್ಲ. ತಿರುವಿನಲ್ಲಿ ಚಕ್ರ ಹೊತ್ತ ಸ್ಟಬ್ ಆಕ್ಸಲ್ ಬಾಗದಂತೆ ಬಲ ಕೊಡುವುದೇ ಅದು.

ತಪ್ಪು ಕಲ್ಪನೆ: ಜಾಕ್ ಮೇಲಿಟ್ಟ ಚಕ್ರ ಅಲುಗಾಡಿದರೆ ಬೇರಿಂಗ್ ಹೋಗಿದೆ ಎಂದೇ ಅರ್ಥ.

ವಾಸ್ತವ: ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ, ಇನ್ನೊಬ್ಬರು ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಲಿ. ಆಟ ನಿಂತರೆ ಅದು ಬೇರಿಂಗಿನದು. ನಿಲ್ಲದಿದ್ದರೆ ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟ್ ನೋಡಿ; ಸವೆದ ಕಿಂಗ್ ಪಿನ್ನಿನ ಆಟವನ್ನು ಹಬ್ಬಿನ ನಟ್ಟು ಬಿಗಿದು ಸರಿಮಾಡಲಾಗದು.

ತಪ್ಪು ಕಲ್ಪನೆ: ಹಬ್ಬಿನ ತುಂಬ ಗ್ರೀಸ್ ಗಿಡಿದರೆ ಬಾಳಿಕೆ ಹೆಚ್ಚು.

ವಾಸ್ತವ: ಗ್ರೀಸ್ ಬೇಕಾದದ್ದು ರೋಲರ್‌ಗಳ ಸಂದಿಗೆ. ಹೆಚ್ಚಾದದ್ದು ಬಿಸಿಯಾಗಿ, ಸೀಲ್ ದಾಟಿ ಬ್ರೇಕಿಗೆ ಇಳಿಯಬಹುದು.

ತಪ್ಪು ಕಲ್ಪನೆ: ನಟ್ಟಿನ ಹಳೆಯ ಪಿನ್ ನೆಟ್ಟಗೆ ಮಾಡಿದರೆ ಇನ್ನೊಮ್ಮೆ ನಡೆಯುತ್ತದೆ.

ವಾಸ್ತವ: ಬಗ್ಗಿಸಿ ನೆಟ್ಟಗೆ ಮಾಡಿದ ತಂತಿ ಬಗ್ಗಿದಲ್ಲೇ ಮುರಿಯುತ್ತದೆ. ಪಿನ್ ಇರುವ ಕಾರಾದರೆ ಪ್ರತಿ ಸಲವೂ ಹೊಸದನ್ನೇ ಹಾಕಿ.